‘ಸಪೋರ್ಟ್ ಆಗಲ್ಲ ಸಾರ್’ ಎಂಬ ತೀರ್ಪು

ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ, ಹುಬ್ಬಳ್ಳಿಯ ಯಾವುದೋ ಕಂಪ್ಯೂಟರ್ ಅಂಗಡಿಯಲ್ಲಾಗಲಿ, ಹನ್ನೆರಡು ಹದಿಮೂರು ವರ್ಷದ ಲ್ಯಾಪ್‌ಟಾಪೊಂದನ್ನು ಕೌಂಟರ್ ಮೇಲಿಟ್ಟು ‘ಇದಕ್ಕೊಂದು ದೊಡ್ಡ ಮಾನಿಟರ್ ಹಾಕಬೇಕಿತ್ತು’ ಎಂದು ಕೇಳಿ ನೋಡಿ. ಅಂಗಡಿಯವರು ಅದನ್ನು ಆನ್ ಮಾಡುವ ಗೋಜಿಗೂ ಹೋಗುವುದಿಲ್ಲ. ಬದಿಯಲ್ಲಿ ಆ ನೀಲಿ ಬಣ್ಣದ ವಿಜಿಎ ಸಾಕೆಟ್ ಕಂಡರೆ ಸಾಕು: ‘ತುಂಬಾ ಓಲ್ಡ್ ಆಯ್ತು ಸಾರ್. ವೈಡ್ ಮಾನಿಟರ್ ಸಪೋರ್ಟ್ ಆಗಲ್ಲ. ಎಕ್ಸ್‌ಚೇಂಜ್‌ಗೆ ಹಾಕ್ಬಿಡಿ.’ ಮನೆಗೆ ಬಂದು ಐಟಿಯಲ್ಲಿರುವ ಅಕ್ಕನ ಮಗನಿಗೆ ಫೋನು ಮಾಡಿದರೆ ಅವನದೂ ಅದೇ ರಾಗ: ‘ಅದರ ಜೊತೆ ಯಾಕೆ ಗುದ್ದಾಡ್ತೀರ ಮಾಮ, ಹೊಸದು ತಗೊಳ್ಳಿ.’ ಕಚೇರಿಯ ಖರೀದಿ ಟಿಪ್ಪಣಿಗೆ ಬಂದಾಗ ಈ ಮಾತಿಗೆ ಕೋಟು ಸಿಗುತ್ತದೆ: ಹಳೆಯ ಯಂತ್ರಗಳು ಪ್ರಸ್ತುತ ಮಾನಿಟರ್‌ಗಳಿಗೆ ಹೊಂದಿಕೆಯಾಗದ ಕಾರಣ ಹೊಸ ಯಂತ್ರಗಳ ಖರೀದಿ ಅಗತ್ಯವಾಗಿದೆ.

ಮೂವರೂ ತಿಳಿದವರು, ಮೂವರೂ ಒಂದೇ ಮಾತು ಹೇಳುತ್ತಾರೆ, ಮತ್ತು ಹತ್ತರಲ್ಲಿ ಎಂಟು ಸಲ ಮೂವರದೂ ತಪ್ಪು.

ನಾನು ಹೇಳುತ್ತಿರುವುದು ಸರಿಸುಮಾರು 2006ರಿಂದ 2013ರ ನಡುವಿನ ಲ್ಯಾಪ್‌ಟಾಪ್‌ಗಳ ಬಗ್ಗೆ. ಮಾನಿಟರ್ ಎಂದರೆ ನಮ್ಮ ಪೇಟೆಯಲ್ಲಿ ಜನ ಸಾಮಾನ್ಯವಾಗಿ ಕೊಳ್ಳುವ 22ರಿಂದ 24 ಇಂಚಿನದು, ಫುಲ್ ಎಚ್‌ಡಿ, ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್. ಈ ಜೋಡಿ ಹೊಂದುವುದಿಲ್ಲ ಎನ್ನುವವರು ಯಾವ ಲೆಕ್ಕದ ಮೇಲೆ ಹಾಗೆನ್ನುತ್ತಾರೆ ಎಂದು ಕೇಳಿದರೆ ಲೆಕ್ಕ ಬರುವುದಿಲ್ಲ, ವಯಸ್ಸು ಬರುತ್ತದೆ. ಹಾಗಾಗಿ ಲೆಕ್ಕವನ್ನು ನಾವೇ ಮಾಡಿಬಿಡೋಣ.

ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20 ಲಕ್ಷ 73 ಸಾವಿರ ಚುಕ್ಕೆಗಳಿವೆ. ಒಂದೊಂದಕ್ಕೆ ನಾಲ್ಕು ಬೈಟ್ ಎಂದರೂ ಇಡೀ ಚಿತ್ರ ನೆನಪಿನಲ್ಲಿ ಹಿಡಿಯುವ ಜಾಗ ಎಂಟು ಎಂಬಿ ಚಿಲ್ಲರೆ. 2006ರ ಇಂಟೆಲ್ ಜಿಎಂಎ 950 ಎಂಬ, ಯಾರೂ ಹೊಗಳದ, ಆಟ ಆಡುವವರು ಬೈದುಕೊಂಡೇ ಬಳಸುತ್ತಿದ್ದ ಗ್ರಾಫಿಕ್ಸ್ ಕೂಡ ಇದರ ಹತ್ತಾರು ಪಟ್ಟು ನೆನಪನ್ನು ತನಗಾಗಿ ತೆಗೆದುಕೊಳ್ಳಬಲ್ಲದು. ಇನ್ನು ವೇಗ. ಸೆಕೆಂಡಿಗೆ 60 ಸಲ ಪರದೆಯನ್ನು ಬರೆಯಬೇಕು. ಸಾಲು ಮುಗಿದು ಮುಂದಿನ ಸಾಲಿಗೆ ಹೋಗುವ ಖಾಲಿ ಹೊತ್ತನ್ನೂ ಸೇರಿಸಿದರೆ ಪಿಕ್ಸೆಲ್ ಕ್ಲಾಕ್ 148.5 ಮೆಗಾಹರ್ಟ್ಸ್ ಬೇಕಾಗುತ್ತದೆ. ಅದೇ ಜಿಎಂಎ 950ರಲ್ಲಿ ವಿಜಿಎ ಸಂಕೇತವನ್ನು ಹುಟ್ಟಿಸುವ ಭಾಗದ ವೇಗ 400 ಮೆಗಾಹರ್ಟ್ಸ್. ಅರ್ಧಕ್ಕಿಂತ ಕಡಿಮೆ ಶಕ್ತಿಯಲ್ಲಿ ಮುಗಿಯುವ ಕೆಲಸಕ್ಕೆ ‘ಸಪೋರ್ಟ್ ಆಗಲ್ಲ’ ಎಂಬ ತೀರ್ಪು.

ವಿಜಿಎ ಎಂದರೆ 1987ರಲ್ಲಿ ಐಬಿಎಂ ಪಿಎಸ್/2 ಜೊತೆ ಬಂದ 640×480ರ ಸಂಗತಿ, ಆ ಸಾಕೆಟ್ಟಿನಲ್ಲಿ ಫುಲ್ ಎಚ್‌ಡಿ ಹೇಗೆ ಹಿಡಿದೀತು ಎಂಬ ವಾದವನ್ನು ಓದಿದವರೇ ಮಾಡುವುದನ್ನು ಕೇಳಿದ್ದೇನೆ. ಅವರು ಮರೆತಿರುವುದು ಗಾಜಿನ ದಪ್ಪ ಮಾನಿಟರ್‌ಗಳ ಕೊನೆಯ ದಿನಗಳನ್ನು. ತೊಂಬತ್ತರ ದಶಕದ ಕೊನೆಗೆ ವಿನ್ಯಾಸಕಾರರ, ಮುದ್ರಣದವರ ಮೇಜಿನ ಮೇಲಿದ್ದ ಒಳ್ಳೆಯ 21 ಇಂಚಿನ ಸಿಆರ್‌ಟಿಗಳು 1600×1200ನ್ನು ಸೆಕೆಂಡಿಗೆ 85 ಸಲ ಬರೆಯುತ್ತಿದ್ದವು. ಅದಕ್ಕೆ ಬೇಕಾಗಿದ್ದದ್ದು 229.5 ಮೆಗಾಹರ್ಟ್ಸ್. ಇವತ್ತಿನ ಫುಲ್ ಎಚ್‌ಡಿ ಕೇಳುವುದಕ್ಕಿಂತ ಒಂದೂವರೆ ಪಟ್ಟು ಹೆಚ್ಚಿನ ಹೊರೆ ಇದೇ ಹದಿನೈದು ಪಿನ್ನಿನ ಸಾಕೆಟ್ಟಿನ ಮೂಲಕ ಕಾಲು ಶತಮಾನದ ಹಿಂದೆಯೇ ಹರಿದು ಹೋಗಿದೆ. ಈಗ ಹರಿಯದಂತಾಯಿತೆಂದರೆ ಸಾಕೆಟ್ಟಿಗೆ ಏನಾಯಿತು?

ಹಾಗಾದರೆ ಜನರ ಅನುಭವ ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ. ಹಳೆಯ ಲ್ಯಾಪ್‌ಟಾಪಿಗೆ ಹೊಸ ಮಾನಿಟರ್ ಸಿಕ್ಕಿಸಿದಾಗ ಚಿತ್ರ 1024×768ಕ್ಕೆ ನಿಂತುಬಿಡುವುದು, ಅಕ್ಷರ ಮಬ್ಬಾಗುವುದು, ಮದುವೆ ಫೋಟೊದಲ್ಲಿ ಮದುಮಗಳ ಮುಖ ಕುಂಬಳಕಾಯಿಯಂತೆ ಅಡ್ಡಕ್ಕೆ ಬೆಳೆಯುವುದು, ಪರದೆಯೇ ಬರದಿರುವುದು ಎಲ್ಲವೂ ನಡೆಯುತ್ತವೆ. ತಕರಾರು ಇರುವುದು ಕಾರಣದ ಬಗ್ಗೆ. ಕಂಡ ತೊಂದರೆಗೆಲ್ಲ ವಯಸ್ಸೇ ಕಾರಣ ಎಂದು ಬರೆದುಬಿಟ್ಟರೆ ಹುಡುಕುವ ಕೆಲಸ ತಪ್ಪುತ್ತದೆ, ಮಾರಾಟವೂ ಆಗುತ್ತದೆ. ಹುಡುಕಿದವರಿಗೆ ಸಿಗುವುದು ಬೇರೆಯೇ.

ಮಾನಿಟರ್ ಮತ್ತು ಲ್ಯಾಪ್‌ಟಾಪ್ ಕೂಡಿದ ಕ್ಷಣ ಅವೆರಡರ ನಡುವೆ ಒಂದು ಪುಟ್ಟ ವ್ಯವಹಾರ ನಡೆಯುತ್ತದೆ. ನಾನು ಇಂಥ ಕಂಪನಿಯವನು, ನನ್ನ ಸಹಜ ಅಳತೆ 1920×1080, ಇಂತಿಂಥ ವೇಗ ತಡೆಯಬಲ್ಲೆ ಎಂದು ಮಾನಿಟರ್ ತನ್ನ ಜಾತಕ ಒಪ್ಪಿಸುತ್ತದೆ. ಆ ಜಾತಕಕ್ಕೆ ಇಡಿಐಡಿ ಎನ್ನುತ್ತಾರೆ. ವೆಸಾ (VESA) ಎಂಬ ಮಾನಕ ಸಂಸ್ಥೆ 1994ರಲ್ಲಿ ಗೊತ್ತುಮಾಡಿದ್ದು. ಮೂಲ ರೂಪದಲ್ಲಿ ಅದು ಬರೀ 128 ಬೈಟ್, ಕನ್ನಡದ ಒಂದು ಸಣ್ಣ ವಾಕ್ಯಕ್ಕೆ ಸಾಕಾಗುವಷ್ಟು. ವಿಜಿಎ ಕೇಬಲ್ಲಿನಲ್ಲಿ ಈ ಜಾತಕ ಹರಿಯುವುದು 12 ಮತ್ತು 15ನೇ ಪಿನ್ನುಗಳ ಮೂಲಕ. ಕೆಂಪು, ಹಸಿರು, ನೀಲಿ ಬಣ್ಣಗಳಿಗೆ 1, 2, 3. ಸಾಲು ಮತ್ತು ಪರದೆಯ ಹೊಂದಾಣಿಕೆಗೆ 13, 14. ಚಿತ್ರ ಮೂಡಲು ಈ ಐದು ಸಂಕೇತಗಳು ಸಾಕು. ಅಗ್ಗದ ಕೇಬಲ್ ಮಾಡುವವರು ಕೈಯಿಡುವುದು ಇಲ್ಲಿಯೇ: 12 ಮತ್ತು 15ರ ಎಳೆಗಳನ್ನೇ ಹಾಕುವುದಿಲ್ಲ. ಹೊರಗಿನಿಂದ ನೋಡಿದರೆ ಕೇಬಲ್ ಸರಿಯಾಗಿದೆ, ಚಿತ್ರವೂ ಬರುತ್ತದೆ, ಆದರೆ ಲ್ಯಾಪ್‌ಟಾಪಿಗೆ ತನ್ನೆದುರು ಕೂತಿರುವುದು ಯಾರೆಂದೇ ಗೊತ್ತಿಲ್ಲ. ಗೊತ್ತಿಲ್ಲದವರೊಂದಿಗೆ ಅದು ಸುರಕ್ಷಿತವಾದ ಸಣ್ಣ ಅಳತೆಯಲ್ಲೇ ವ್ಯವಹರಿಸುತ್ತದೆ. ಸೆಟ್ಟಿಂಗ್ಸ್ ತೆರೆದರೆ ಪಟ್ಟಿ 1024×768ಕ್ಕೆ ಮುಗಿದಿರುತ್ತದೆ. ಅಂಗಡಿಯವರು ಅದನ್ನೇ ಬೆರಳಿಟ್ಟು ತೋರಿಸುತ್ತಾರೆ: ‘ನೋಡಿ ಸಾರ್, ಇಷ್ಟೇ ಬರೋದು.’ ಇನ್ನೂರು ಮುನ್ನೂರು ರೂಪಾಯಿಯ ಸರಿಯಾದ ಕೇಬಲ್ ತೀರಿಸಬೇಕಾದ ಸಮಸ್ಯೆಗೆ ನಲವತ್ತು ಸಾವಿರದ ಪರಿಹಾರ.

(ಮಾನಿಟರ್ ಡಬ್ಬದೊಳಗೇ ಬರುವ ಕೇಬಲ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಅದನ್ನು ಡಬ್ಬದಲ್ಲೇ ಬಿಟ್ಟು ಪ್ರೊಜೆಕ್ಟರಿನ ಹಳೆಯ ಹತ್ತು ಮೀಟರ್ ಕೇಬಲ್ ಸಿಕ್ಕಿಸಿ, ಅಕ್ಷರಕ್ಕೆ ನೆರಳು ಬರುತ್ತದೆ ಎಂದು ಗೋಳಾಡುವ ಕಚೇರಿಗಳು ಎಷ್ಟೋ.)

ಎರಡನೆಯ ಕಾರಣ ಡ್ರೈವರ್. ಹಳೆಯ ಯಂತ್ರಕ್ಕೆ ಯಾರೋ ವಿಂಡೋಸ್ 10 ಹಾಕಿಕೊಟ್ಟಿರುತ್ತಾರೆ, ಗ್ರಾಫಿಕ್ಸಿಗೆ ಬೇಕಾದ ಡ್ರೈವರ್ ಹಾಕಿರುವುದಿಲ್ಲ. ಡಿವೈಸ್ ಮ್ಯಾನೇಜರ್ ತೆರೆದರೆ ‘ಮೈಕ್ರೊಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದು ಬರೆದಿರುತ್ತದೆ. ಅದು ಹೇಗೋ ಪರದೆ ತೋರಿಸಿ ಕೆಲಸ ನಡೆಸಲು ಇಟ್ಟ ತಾತ್ಕಾಲಿಕ ಏರ್ಪಾಡು. ಎರಡನೆಯ ಮಾನಿಟರ್ ನಡೆಸುವುದು ಅದರ ಕೆಲಸವೇ ಅಲ್ಲ. ಆ ಚಿಪ್ಪಿಗೆಂದೇ ಬಂದ ಡ್ರೈವರ್ ಸಿಕ್ಕಿದ ದಿನ ‘ಸಪೋರ್ಟ್ ಆಗದ’ ಮಾನಿಟರ್ ಮಾತಾಡತೊಡಗುತ್ತದೆ.

ಪಟ್ಟಿಯಲ್ಲಿಲ್ಲದ್ದು ಯಂತ್ರದ ಶಕ್ತಿಯಲ್ಲೂ ಇಲ್ಲ ಎಂಬ ನಂಬಿಕೆ ಎಷ್ಟು ಪೊಳ್ಳು ಎನ್ನುವುದಕ್ಕೆ ಲಿನಕ್ಸ್ ಬಳಸುತ್ತಿದ್ದ ಹಳಬರಲ್ಲಿ ಒಳ್ಳೆಯ ಸಾಕ್ಷಿಯಿದೆ. ಇಂಟೆಲ್ 855, 915, 945 ಚಿಪ್‌ಸೆಟ್‌ಗಳ ಲ್ಯಾಪ್‌ಟಾಪ್‌ಗಳಲ್ಲಿ ವಿಡಿಯೊ ಬಯೋಸ್ ಒಂದು ಗೊತ್ತಾದ ಅಳತೆಗಳ ಪಟ್ಟಿಯನ್ನು ಹೊತ್ತು ಬರುತ್ತಿತ್ತು. ಅಗಲ ಪರದೆಯ ಅಳತೆ ಅದರಲ್ಲಿ ಎಷ್ಟೋ ಸಲ ಇರುತ್ತಲೇ ಇರಲಿಲ್ಲ. ಆಗ 915ರೆಸಲ್ಯೂಷನ್ ಎಂಬ ಪುಟ್ಟ ಪ್ರೋಗ್ರಾಮ್ ಬಂತು. ಅದು ಮಾಡುತ್ತಿದ್ದದ್ದು ಇಷ್ಟೇ: ಕಂಪ್ಯೂಟರ್ ಶುರುವಾಗುವಾಗ ಆ ಪಟ್ಟಿಯ ಬೇಡದ ಒಂದು ಸಾಲನ್ನು ಅಳಿಸಿ ಅಲ್ಲಿ ಬೇಕಾದ ಅಳತೆ ಬರೆಯುವುದು. ಅದೇ ಚಿಪ್ಪು, ಅದೇ ತಂತಿ, ಅದೇ ಮಾನಿಟರ್. ಪರದೆ ಮೂಲೆಯಿಂದ ಮೂಲೆಗೆ ತುಂಬುತ್ತಿತ್ತು. ಕೆಲವು ವರ್ಷಗಳಲ್ಲಿ ಡ್ರೈವರ್‌ಗಳು ಬಯೋಸಿನ ಪಟ್ಟಿಯನ್ನು ಕೇಳುವುದನ್ನೇ ಬಿಟ್ಟವು, ಆ ಪ್ರೋಗ್ರಾಮಿನ ಅಗತ್ಯವೂ ತೀರಿತು. ಇವತ್ತಿಗೂ ಇಡಿಐಡಿ ಕೈಕೊಟ್ಟರೆ ಲಿನಕ್ಸಿನಲ್ಲಿ ಸಿವಿಟಿ ಆಜ್ಞೆಯಿಂದ ಬೇಕಾದ ಅಳತೆಯ ಲೆಕ್ಕ ತೆಗೆದು ಎಕ್ಸ್‌ರ್‍ಯಾಂಡರಿಗೆ ಕೊಡಬಹುದು. ವಿಂಡೋಸಿನಲ್ಲಿ ಇಂಟೆಲ್ ಗ್ರಾಫಿಕ್ಸ್ ಪ್ಯಾನೆಲ್ಲಿನ ಕಸ್ಟಮ್ ರೆಸಲ್ಯೂಷನ್ ಇದೇ ಕೆಲಸಕ್ಕಿದೆ. ಇದೇನು ಕಸುಬುದಾರರ ಗುಟ್ಟಲ್ಲ. ಐಟಿಯಲ್ಲಿರುವ ಅಕ್ಕನ ಮಗ ಒಂದು ಭಾನುವಾರದ ಬೆಳಿಗ್ಗೆ ಮಾಡಿಕೊಡಬಹುದಾದ ಕೆಲಸ.

ಮಬ್ಬಿನ ವಿಷಯಕ್ಕೆ ಬಂದರೆ, ಹತ್ತರಲ್ಲಿ ಒಂಬತ್ತು ಮಬ್ಬುಗಳು ಡೂಪ್ಲಿಕೇಟ್ ಎಂಬ ಆಯ್ಕೆಯವು. ಲ್ಯಾಪ್‌ಟಾಪಿನ ಸ್ವಂತ ಪರದೆ 1366×768. ಎರಡರಲ್ಲೂ ಒಂದೇ ಚಿತ್ರ ಬೇಕೆಂದರೆ ಚಿಕ್ಕದರ ಅಳತೆಗೆ ದೊಡ್ಡದು ಇಳಿಯಬೇಕು, ಮಾನಿಟರ್ ಆ ಚಿತ್ರವನ್ನು ಎಳೆದು ತನ್ನ ಮೈಗೆ ಹೊದೆಯಬೇಕು. 4:3 ಆಕಾರದ ಇನ್ನೂ ಹಳೆಯ ಲ್ಯಾಪ್‌ಟಾಪಾದರೆ ಮದುಮಗಳ ಗತಿ ಮೊದಲೇ ಹೇಳಿದೆ. ವಿಂಡೋಸ್ 7ರಿಂದ ಈಚೆಗೆ ವಿಂಡೋಸ್ ಕೀಲಿ ಹಿಡಿದು ‘ಪಿ’ ಒತ್ತಿ, ಎಕ್ಸ್‌ಟೆಂಡ್ ಎಂದೋ ಎರಡನೆಯ ಪರದೆ ಮಾತ್ರ ಎಂದೋ ಆಯ್ದರೆ ಮುಗಿಯಿತು. ಆಮೇಲೂ ಅಕ್ಷರದಂಚು ನಡುಗಿದರೆ ಮಾನಿಟರಿನ ಆಟೊ ಗುಂಡಿ ಒತ್ತಬೇಕು. ವಿಜಿಎ ಅನಲಾಗ್ ಸಂಕೇತ; ಎಲ್‌ಸಿಡಿ ಮಾನಿಟರ್ ಅದನ್ನು ಚುಕ್ಕೆ ಚುಕ್ಕೆಯಾಗಿ ಕತ್ತರಿಸಿಕೊಳ್ಳಬೇಕು, ಕತ್ತರಿ ಬೀಳುವ ಹೊತ್ತು ಕೂದಲೆಳೆ ತಪ್ಪಿದರೂ ಅಂಚು ಕದಡುತ್ತದೆ. ಮೆನುವಿನಲ್ಲಿ ಕ್ಲಾಕ್, ಫೇಸ್ ಎಂದಿರುವುದು ಇದಕ್ಕೇ. ಅಕ್ಷರ ತುಂಬಿದ ಪುಟವೊಂದನ್ನು ಪರದೆಯ ಮೇಲಿಟ್ಟು ಆಟೊ ಒತ್ತಿದರೆ ಹೊಂದಿಕೆ ಚೆನ್ನಾಗಿ ಕೂರುತ್ತದೆ. ಖಾಲಿ ಡೆಸ್ಕ್‌ಟಾಪ್ ಇಟ್ಟು ಒತ್ತಿದರೆ ಅದಕ್ಕೆ ಅಳೆಯಲು ಏನೂ ಸಿಗುವುದಿಲ್ಲ. ಡಿಜಿಟಲ್ ದಾರಿಯಷ್ಟು ಚೊಕ್ಕಟ ಇದಲ್ಲ, ಒಪ್ಪಿದೆ. ಮೀಟರುದ್ದದ ಒಳ್ಳೆಯ ಕೇಬಲ್ಲಿನಲ್ಲಿ ದಿನವಿಡೀ ಓದಿ ಬರೆಯುವಷ್ಟು ಚೊಕ್ಕಟವಂತೂ ಹೌದು.

ಕನ್ವರ್ಟರ್ ಎಂಬ ವಸ್ತುವಿನ ಸುತ್ತ ನಡೆಯುವುದಂತೂ ಶುದ್ಧ ಅನ್ಯಾಯ. ಮಾನಿಟರಿನಲ್ಲಿ ಎಚ್‌ಡಿಎಂಐ ಒಂದೇ ಇದೆ, ಲ್ಯಾಪ್‌ಟಾಪಿನಲ್ಲಿ ವಿಜಿಎ ಒಂದೇ ಇದೆ ಎಂದಾಗ ಅಂಗಡಿಯಲ್ಲಿ ಸಲೀಸಾಗಿ ಸಿಗುವುದು ತಿರುಗುಮುರುಗಿನದು: ಎಚ್‌ಡಿಎಂಐ ಒಳಗೆ, ವಿಜಿಎ ಹೊರಗೆ. ಅದು ಹೊಸ ಲ್ಯಾಪ್‌ಟಾಪನ್ನು ಹಳೆಯ ಪ್ರೊಜೆಕ್ಟರಿಗೆ ಸೇರಿಸಲು ಮಾಡಿದ್ದು. ಇದು ಎರಡೂ ಕಡೆ ನಡೆಯುವ ದಾರಿಯಲ್ಲ. ಅನಲಾಗನ್ನು ಡಿಜಿಟಲ್ ಮಾಡಲು ಬೇರೆಯೇ ಚಿಪ್ಪು ಬೇಕು, ಅದಕ್ಕೆ ಯುಎಸ್‌ಬಿಯಿಂದ ಕರೆಂಟು ಕೊಡಬೇಕು. ವಿಜಿಎ ಧ್ವನಿಯನ್ನು ಒಯ್ಯುವುದಿಲ್ಲವಾದ್ದರಿಂದ ಅದಕ್ಕೊಂದು ಬೇರೆ ಸಣ್ಣ ತಂತಿಯೂ ಇರುತ್ತದೆ. ತಪ್ಪು ಕನ್ವರ್ಟರ್ ತಂದು ಸಿಕ್ಕಿಸಿ ಪರದೆ ಕಪ್ಪಾದಾಗ ಗ್ರಾಹಕರು ಕನ್ವರ್ಟರನ್ನು ದೂರುವುದಿಲ್ಲ, ಲ್ಯಾಪ್‌ಟಾಪನ್ನು ದೂರುತ್ತಾರೆ. ಅಂಗಡಿಯವರಿಗೂ ಅದೇ ಅನುಕೂಲ. ಕಡಿಮೆ ದರದ 22 ಇಂಚಿನ ಅನೇಕ ಮಾನಿಟರ್‌ಗಳು ಇನ್ನೂ ವಿಜಿಎ ಸಾಕೆಟ್ ಇಟ್ಟುಕೊಂಡೇ ಬರುತ್ತವೆ, ಅವುಗಳಿಗೆ ಕನ್ವರ್ಟರೇ ಬೇಡ ಎಂಬ ಮಾತು ಯಾಕೋ ಕೌಂಟರಿನ ಈಚೆಗೆ ದಾಟುವುದಿಲ್ಲ.

ಇಷ್ಟೆಲ್ಲ ತಲೆಬಿಸಿ ಯಾಕೆ, ಕಾಲ ಬದಲಾಗಿದೆ ಎನ್ನುವವರಿಗೆ ಗದಗಿನ ಕಡೆ ಕೈ ತೋರಿಸುತ್ತೇನೆ. ಪ್ರೆಸ್ಸುಗಳ ಊರು ಅದು. ಅಲ್ಲಿಯ, ಹಾಗೆಯೇ ನಾಡಿನ ಎಷ್ಟೋ ತಾಲ್ಲೂಕುಗಳ ಡಿಟಿಪಿ ಕೇಂದ್ರಗಳಲ್ಲಿ ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ವಾರಪತ್ರಿಕೆ ಪುಟಗಳು ಪೇಜ್‌ಮೇಕರ್ ಮತ್ತು ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಕಟ್ಟಿಕೊಂಡು ಬಂದಿವೆ. ಪೇಜ್‌ಮೇಕರಿನ ಕೊನೆಯ ದೊಡ್ಡ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದರ ಕಡತಗಳನ್ನು ನೇರವಾಗಿ ತೆರೆಯುವ ಸೌಲಭ್ಯ ಇನ್‌ಡಿಸೈನ್ ಸಿಎಸ್6ರಾಚೆಗೆ ಇಲ್ಲ. ಯೂನಿಕೋಡಿಗೆ ಬರಬೇಕು, ಬಂದೇ ಬರುತ್ತಾರೆ. ಆದರೆ ಇಪ್ಪತ್ತು ವರ್ಷದ ಕೆಲಸ ಮಲಗಿರುವ ಕಡತಗಳು ಆ ಹಳೆಯ ಯಂತ್ರದಲ್ಲೇ ಸಲೀಸಾಗಿ ತೆರೆದುಕೊಳ್ಳುವಾಗ ಅದನ್ನು ತೂಕಕ್ಕೆ ಹಾಕು ಎನ್ನುವುದು ಯಾವ ಬುದ್ಧಿ? ಆ ಆಪರೇಟರಿಗೆ ಬೇಕಾಗಿರುವುದು ವೇಗವಲ್ಲ, ಜಾಗ. ಹದಿನೈದು ಇಂಚಿನ ಪರದೆಯಲ್ಲಿ ಎ4 ಪುಟವನ್ನು ಇಡಿಯಾಗಿ ನೋಡಲು ಹೊರಟರೆ ಒತ್ತಕ್ಷರಗಳು ಓದಲಾಗದಷ್ಟು ಚಿಕ್ಕವಾಗುತ್ತವೆ, ಓದಲು ಹೊರಟರೆ ಪುಟ ಕಾಣುವುದಿಲ್ಲ. ದೊಡ್ಡ ಮಾನಿಟರ್ ಹಾಕಿದರೆ ಎದುರುಬದುರು ಪುಟಗಳನ್ನು ಒಟ್ಟಿಗೆ ಇಟ್ಟುಕೊಂಡು, ಲ್ಯಾಪ್‌ಟಾಪಿನ ಸಣ್ಣ ಪರದೆಯಲ್ಲಿ ಮೂಲಪ್ರತಿ ತೆರೆದು ಕರಡು ತಿದ್ದಬಹುದು. ಏಳೆಂಟು ಸಾವಿರದ ಮಾನಿಟರ್ ಮಾಡುವ ಈ ಕೆಲಸವನ್ನು ಹದಿನಾಲ್ಕು ಇಂಚಿನ ಹೊಚ್ಚ ಹೊಸ ಲ್ಯಾಪ್‌ಟಾಪ್ ಮಾಡಲಾರದು.

ಎದುರಾಳಿಗಳ ಬಳಿ ಒಂದು ಗಟ್ಟಿ ದಾಖಲೆ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2010ರ ಡಿಸೆಂಬರಿನಲ್ಲಿ ಇಂಟೆಲ್, ಎಎಂಡಿ, ಡೆಲ್, ಲೆನೊವೊ ಮತ್ತು ಸ್ಯಾಮ್‌ಸಂಗ್, ಎಲ್‌ಜಿಯ ಪರದೆ ವಿಭಾಗಗಳು ಸೇರಿ, ವಿಜಿಎಯನ್ನು 2015ರ ಹೊತ್ತಿಗೆ ಕೈಬಿಡುವತ್ತ ಸಾಗುತ್ತೇವೆಂದು ಸಾರಿದವು. ಅವರ ಕಾರಣಗಳು ಸರಿಯಾಗಿಯೇ ಇದ್ದವು: ಡಿಜಿಟಲ್ ಸಂಪರ್ಕ ಕಡಿಮೆ ವಿದ್ಯುತ್ ತಿನ್ನುತ್ತದೆ, ಲ್ಯಾಪ್‌ಟಾಪ್ ತೆಳ್ಳಗಾಗುತ್ತದೆ, ಅಳತೆ ಹೆಚ್ಚಿದಂತೆ ಅನಲಾಗ್ ಸೋಲುತ್ತದೆ. ಆದರೆ ಆ ಪ್ರಕಟಣೆ ಮುಂದೆ ತಯಾರಾಗುವ ಯಂತ್ರಗಳ ಬಗ್ಗೆ. ಆಗಲೇ ಮನೆಗಳಲ್ಲಿದ್ದ ಲ್ಯಾಪ್‌ಟಾಪ್‌ಗಳಿಗೆ ಅದರಲ್ಲಿ ಮರಣಶಾಸನವೇನೂ ಇರಲಿಲ್ಲ. ಕಾರ್ಖಾನೆಯ ತೀರ್ಮಾನವನ್ನು ಮೇಜಿನ ಮೇಲಿನ ಯಂತ್ರಕ್ಕೆ ಅನ್ವಯಿಸಿದವರು ನಾವು.

ಸೋಲು ಇರುವಲ್ಲಿ ಸೋಲೇ. 4ಕೆ ಮಾನಿಟರಿಗೆ ಸೆಕೆಂಡಿಗೆ 60 ಸಲ ಬರೆಯಲು 594 ಮೆಗಾಹರ್ಟ್ಸ್ ಬೇಕು. ಆ ಕಾಲದ ಎಚ್‌ಡಿಎಂಐ ಅದನ್ನು ಕನಸಿನಲ್ಲೂ ಮುಟ್ಟದು, ಅದಕ್ಕೆ ಎಚ್‌ಡಿಎಂಐ 2.0 ಬರಬೇಕಾಯಿತು, 2013ರಲ್ಲಿ. 3440×1440ರ ಅಲ್ಟ್ರಾವೈಡ್ ಕೇಳುವುದು ಸುಮಾರು 320. ಇಂಟೆಲ್ ಎರಡನೆಯ, ಮೂರನೆಯ ತಲೆಮಾರಿನ ಚಿಪ್ಪುಗಳ ಎಚ್‌ಡಿಎಂಐ 225ಕ್ಕೆ ನಿಲ್ಲುತ್ತದೆ. ಇನ್ನೂ ಹಿಂದಿನ ಜಿಎಂಎ 950ರ ತ್ರೀಡಿ ಭಾಗಕ್ಕೆ 2048 ಪಿಕ್ಸೆಲ್ಲಿನ ಮಿತಿಯಿತ್ತು. ಲ್ಯಾಪ್‌ಟಾಪ್ ಪರದೆ, ಮಾನಿಟರ್ ಎರಡನ್ನೂ ಅಕ್ಕಪಕ್ಕ ಹಾಸಿದರೆ ಆ ಗೆರೆ ದಾಟಿ ಡೆಸ್ಕ್‌ಟಾಪಿನ ಥಳುಕು ಬಳುಕುಗಳು ನಿಲ್ಲುತ್ತವೆ. ಸಣ್ಣ ಪರದೆಯನ್ನು ಆಫ್ ಮಾಡಿದರೆ ಸರಿ. ಈ ಎಲ್ಲ ಕಡೆ ‘ಆಗಲ್ಲ’ ಎನ್ನುವುದು ನ್ಯಾಯವಾದ ಮಾತು, ಯಾಕೆಂದರೆ ಅದರ ಹಿಂದೆ ಒಂದು ಸಂಖ್ಯೆ ನಿಂತಿದೆ.

ತಮಾಷೆ ಏನೆಂದರೆ ಈ ಸಂಖ್ಯೆ ನೋಡುವವರು ಉಲ್ಟಾ ತಪ್ಪನ್ನೂ ಹಿಡಿಯುತ್ತಿದ್ದರು. ಎಚ್‌ಡಿಎಂಐ ಇದ್ದರೆ ಸಾಕು, ಏನು ಬೇಕಾದರೂ ಹಾಕಿ ಎನ್ನುವುದೂ ಅದೇ ಸೋಮಾರಿತನದ ಕೂಸು. 2011ರ ಥಿಂಕ್‌ಪ್ಯಾಡ್ ಟಿ420ಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಎಚ್‌ಡಿಎಂಐ ಇಲ್ಲವೆಂದು ಮೂಗು ಮುರಿಯುತ್ತಾರೆ. ಅದರಲ್ಲಿರುವ ಡಿಸ್‌ಪ್ಲೇಪೋರ್ಟ್ 2560×1600ರವರೆಗೆ ನಿರಾಯಾಸವಾಗಿ ಹೋಗುತ್ತದೆ. ಅದೇ ವರ್ಷದ, ಅದೇ ಚಿಪ್ಪಿನ ಎಚ್‌ಡಿಎಂಐ 1920×1200ಕ್ಕೆ ನಿಲ್ಲುತ್ತದೆ. ಆ ಡಿಸ್‌ಪ್ಲೇಪೋರ್ಟಿಗೆ ಅಗ್ಗದ ಎಚ್‌ಡಿಎಂಐ ಅಡಾಪ್ಟರ್ ಸಿಕ್ಕಿಸಿದರೆ ಅದರ ಮಿತಿ 165 ಮೆಗಾಹರ್ಟ್ಸಿಗೆ ಇಳಿದು, 2560ರ ಮಾನಿಟರ್ ಕೊಂಡವರು ಮತ್ತೆ ಯಂತ್ರಕ್ಕೇ ಶಾಪ ಹಾಕುತ್ತಾರೆ. ನೇರ ಡಿಸ್‌ಪ್ಲೇಪೋರ್ಟ್ ಕೇಬಲ್ ಕೊಳ್ಳಿ ಎಂದು ಹೇಳಲು ಯಾರಿಗೂ ನಾಲಿಗೆ ಏಳಲಿಲ್ಲ.

ಯೂಟ್ಯೂಬ್ ತಡವರಿಸುತ್ತದೆ, ಆದ್ದರಿಂದ ದೊಡ್ಡ ಮಾನಿಟರ್ ಈ ಯಂತ್ರಕ್ಕೆ ಭಾರ ಎಂಬುದು ಇನ್ನೊಂದು ವಾದ. ಭಾರ ಮಾನಿಟರಿನದಲ್ಲ. ಯೂಟ್ಯೂಬ್ ಈಗ ವಿಡಿಯೊ ಕಳಿಸುವುದು ಬಹುಪಾಲು ವಿಪಿ9, ಎವಿ1 ರೂಪದಲ್ಲಿ. 2011ರ ಚಿಪ್ಪುಗಳಲ್ಲಿ ಎಚ್.264 ಬಿಡಿಸುವ ಯಂತ್ರಾಂಗವಿದೆ, ವಿಪಿ9, ಎವಿ1 ಬಿಡಿಸುವುದು ಇಲ್ಲ. ಎಲ್ಲವನ್ನೂ ಪ್ರೊಸೆಸರೇ ಬಿಡಿಸಬೇಕು, ಫ್ಯಾನು ಕಿರುಚಬೇಕು. ಮಾನಿಟರ್ ಕಿತ್ತು ಹಾಕಿ, ಅದೇ ವಿಡಿಯೊ ಅದೇ ಗುಣಮಟ್ಟದಲ್ಲಿ ಲ್ಯಾಪ್‌ಟಾಪ್ ಪರದೆಯಲ್ಲೂ ತಡವರಿಸುತ್ತದೆ. ವಿಡಿಯೊ ಎಡಿಟಿಂಗೇ ನಿಮ್ಮ ಹೊಟ್ಟೆಪಾಡಾದರೆ ಖಂಡಿತ ಹೊಸದು ಕೊಳ್ಳಿ, ನಾನು ಅಡ್ಡ ಬರುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲ ಮುಗಿಯಿತಲ್ಲ ಎಂದರೆ, ಅದು ಬೇರೆ ಪ್ರಶ್ನೆ, ದೊಡ್ಡ ಪ್ರಶ್ನೆ. ಬ್ಯಾಂಕ್ ವ್ಯವಹಾರ ಮಾಡುವ ಯಂತ್ರವಾದರೆ ಲಿನಕ್ಸ್ ಹಾಕಿಸುವುದೋ, ಆ ಕೆಲಸವನ್ನು ಬೇರೆಡೆ ಮಾಡುವುದೋ ಯೋಚಿಸಲೇಬೇಕು. ಇಂಟರ್ನೆಟ್ಟಿನ ತಂತಿಯನ್ನೇ ಕಾಣದ ಡಿಟಿಪಿ ಯಂತ್ರಕ್ಕೆ ಆ ಭಯ ತೀರಾ ಕಡಿಮೆ. ಯಾವುದಕ್ಕೂ ಮಾನಿಟರಿನ ಸಾಕೆಟ್ಟನ್ನು ಆ ವಾದದೊಳಗೆ ಎಳೆದು ತರುವುದು ಬೇಡ.

ಎಕ್ಸ್‌ಚೇಂಜಿಗೆ ಹೋದ ಲ್ಯಾಪ್‌ಟಾಪ್ ಎಲ್ಲಿಗೆ ಹೋಗುತ್ತದೆ ಎಂದೂ ಒಮ್ಮೆ ನೋಡಬೇಕು. ಕೆಲವು ಗುಜರಿಗೆ. ಉಳಿದವು, ಅದರಲ್ಲೂ ಬೆಂಗಳೂರಿನ ಕಂಪನಿಗಳ ಲೀಸ್ ಮುಗಿದು ರಾಶಿರಾಶಿಯಾಗಿ ಬಂದ ಥಿಂಕ್‌ಪ್ಯಾಡು, ಲ್ಯಾಟಿಟ್ಯೂಡುಗಳ ಜೊತೆ ಸೇರಿದವು, ಮೈ ಒರೆಸಿಕೊಂಡು, ಎಸ್‌ಎಸ್‌ಡಿ ಹಾಕಿಸಿಕೊಂಡು, ‘ರಿಫರ್ಬಿಶ್ಡ್’ ಚೀಟಿ ಅಂಟಿಸಿಕೊಂಡು ಅದೇ ರಸ್ತೆಯ ಇನ್ನೊಂದು ಕೌಂಟರಿಗೆ ಬರುತ್ತವೆ. ಅಲ್ಲಿ ಹೋಗಿ ‘ಇದಕ್ಕೆ ದೊಡ್ಡ ಮಾನಿಟರ್ ಹಾಕಬಹುದಾ?’ ಎಂದು ಕೇಳಿದರೆ, ಅಂಗಡಿಯ ಹುಡುಗ ಲ್ಯಾಪ್‌ಟಾಪನ್ನು ತಿರುಗಿಸಿ ಬದಿಯ ನೀಲಿ ಸಾಕೆಟ್ ತೋರಿಸುತ್ತಾನೆ: ‘ಏನ್ ಸಾರ್ ಹೀಗೆ ಕೇಳ್ತೀರಾ, ವಿಜಿಎನೂ ಇದೆ, ಡಿಸ್‌ಪ್ಲೇಪೋರ್ಟೂ ಇದೆ. ಯಾವ ಮಾನಿಟರ್ ಬೇಕಾದ್ರೂ ಹಾಕ್ಕೊಳ್ಳಿ.’